ಅಪ್ಪನ ಕೈ ನರ, ದಿನಕ್ಕೆ 1 ಮಿಲಿಮೀಟರ್

ಎಲ್ರಿಗೂ ನಮಸ್ಕಾರ. ಈಗ ಕಾಣ್ತಿರೋದು ನಮ್ಮಪ್ಪನ ಬಲಗೈ, ಹೆಬ್ಬೆರಳ ಬುಡದಲ್ಲಿ ಗುಳಿ ಬಿದ್ದಿದ್ಯಲ್ಲ, ಅಲ್ಲಿ ಮೊದ್ಲು ದಪ್ಪಗೆ ಮಾಂಸ ಇತ್ತು, ಅಡಿಕೆ ಕೊಯ್ಲಲ್ಲಿ ಕತ್ತಿ ತಾಗಿ ಮಣಿಕಟ್ಟಿನ ಸ್ವಲ್ಪ ಮೇಲೆ ನರ ಕಟ್ ಆಯ್ತು, ಡಾಕ್ಟ್ರು ಹೊಲಿದು ಕೊಟ್ರು, ನರ ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಬೆಳೆಯುತ್ತೆ, ಕಾಯ್ಬೇಕು ಅಂದ್ರು.

ಈ ಕಾಯೋ ಹೊತ್ತಲ್ಲಿ ಓದ್ತಾ ಹೋದೆ. ನಾನು ಅಲ್ಲೀವರೆಗೂ ನರ ಹೇಳುತ್ತೆ ಮಸಲ್ ಕೇಳುತ್ತೆ ಅಷ್ಟೇ ಅಂದ್ಕೊಂಡಿದ್ದೆ, ಹಾಗಲ್ವಂತೆ, ಮಸಲ್ಲೂ ಪ್ರೋಟೀನ್ ಬಿಟ್ಟು ನರಾನ ತನ್ನ ಕಡೆ ಕರ್ಕೊಳ್ಳುತ್ತೆ. ಜಿಡಿಎನ್‌ಎಫ್ ಅನ್ನೋ ಪ್ರೋಟೀನ್ ಅದ್ರಲ್ಲಿ ಒಂದು. 1998ರಲ್ಲಿ ಇಲಿಗಳ ಮಸಲ್ಲಲ್ಲಿ ಅದನ್ನ ಜಾಸ್ತಿ ಮಾಡಿ ನೋಡಿದಾಗ, ಒಂದು ಮಸಲ್ ನಾರಿಗೆ ಒಂದೇ ನರದ ಎಳೆ ಇರ್ಬೇಕಾದ ಕಡೆ ಹಲವಾರು ಎಳೆ ಬಂದು ಕೂತಿದ್ವು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ 2024ರಲ್ಲಿ ಅಮೆರಿಕದ ಎಂಐಟಿ ಅನ್ನೋ ಯೂನಿವರ್ಸಿಟಿಯಿಂದ ಬಂದ ಕೆಲಸ. ರೀತು ರಾಮನ್ ಅವ್ರ ಟೀಮು ಇಲಿ ಮಸಲ್ ಕೋಶಗಳನ್ನ ಬೆಳಕು ಬಿದ್ರೆ ಬಿಗಿಯಾಗಿ ಕುಗ್ಗೋ ಹಂಗೆ ಮಾಡಿ, ಮತ್ತೆ ಮತ್ತೆ ಬೆಳಕು ಬಿಟ್ಟು ಎಕ್ಸರ್‌ಸೈಜ್ ಮಾಡ್ಸಿ, ಆಗ ಅವು ಬಿಟ್ಟ ರಸವನ್ನ ಇನ್ನೊಂದು ತಟ್ಟೆಯಲ್ಲಿದ್ದ ನರಕೋಶಗಳಿಗೆ ಹಾಕಿದ್ರು, ಆ ರಸ ಸಿಗದೇ ಇದ್ದ ನರಗಳಿಗಿಂತ ಇವು 4 ಪಟ್ಟು ದೂರ ಬೆಳೆದ್ವು! ಆಮೇಲೆ ರಸ ಏನೂ ಹಾಕದೆ, ನರಗಳ ಕೆಳಗಿನ ಜೆಲ್ಲಲ್ಲಿ ಪುಟ್ಟ ಮ್ಯಾಗ್ನೆಟ್ ಇಟ್ಟು ಬರೀ ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿದಾಗ್ಲೂ ಅಷ್ಟೇ ದೂರ ಬೆಳೆದ್ವು.

ಇದೆಲ್ಲ ತಟ್ಟೆಯಲ್ಲಿ ನಡೆದಿದ್ದು, ಅದೂ ಇಲಿ ಕೋಶ, ಮನುಷ್ಯರಿಗೆ ಔಷಧಿ ಬಂತು ಅಂತ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ಹೊಲಿಗೆ ಹಾಕಿದ ನರಾನ ಡಾಕ್ಟ್ರು ಹೇಳೋಕ್ ಮುಂಚೆ ಎಳೆಯೋಕೂ ಹೋಗ್ಬೇಡಿ. ಆದ್ರೆ ಫಿಸಿಯೋ ಹೇಳ್ಕೊಟ್ಟ ಹಾಗೆ ಅಪ್ಪನ ಹೆಬ್ಬೆರಳು ಹಿಡಿದು ಮೆಲ್ಲಗೆ ಬಗ್ಗಿಸುವಾಗ ಈಗ ಬೇಜಾರು ಬರಲ್ಲ ನಂಗೆ, ಆ ಬತ್ತಿದ ಮಾಂಸ ಇನ್ನೂ ನರಾನ ಕರೀತಿದೆ ಅನ್ಸುತ್ತೆ.

ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ಅಂಗೈ ಮೇಲೆ ಬೆರಳಲ್ಲಿ ತಟ್ತಾ ಹೋಗ್ತೀನಿ, ಎಲ್ಲಿ ಜುಮ್ ಅನ್ನುತ್ತೋ ಅಲ್ಲೀತನಕ ನರದ ಎಳೆ ಬಂದಿದೆ ಅಂತ ಲೆಕ್ಕ, ಅಲ್ಲೊಂದು ಪೆನ್ನಿನ ಗೆರೆ. ನೋಡಿ, ಇದು ಹೋದ ವಾರದ್ದು.

"ಅಪ್ಪ, ಇಲ್ಲಿ ಜುಮ್ ಅಂತಿದ್ಯಾ?"

"ಇನ್ನೂ ಸ್ವಲ್ಪ ಮುಂದೆ ತಟ್ಟೇ."