ಆಲೆಮನೆ ಕಂಡವರಿಗೆ ಬಾರ್ಲಿ ವೈನ್ ಹೊಸ ರುಚಿಯಲ್ಲ

[ಮೇಜಿನ ಮೇಲೆ ಒಂದು ಪುಟ್ಟ ಬಾಟಲಿ, ಪಕ್ಕದಲ್ಲಿ ಒಂದು ಅಚ್ಚು ಬೆಲ್ಲ, ಮೂರು ಖಾಲಿ ಗ್ಲಾಸು. ಸಂಜೆ ಬೆಳಕು.]

ನಮಸ್ಕಾರ. ಮೈಸೂರು, ಕುವೆಂಪುನಗರದ ನಮ್ಮ ಮನೆಯಿಂದ ಮಾತಾಡ್ತಿದೀನಿ.

ಈ ಬಾಟಲಿ ನೋಡಿ. ಬರೀ 275 ಎಂಎಲ್. ಅಂಗಡಿಯಲ್ಲಿ ಸಿಗೋ 650 ಎಂಎಲ್ ಬಿಯರ್ ಪಕ್ಕ ಇಟ್ರೆ ಮಗು ಥರ ಕಾಣುತ್ತೆ. ಆದ್ರೆ ಲೇಬಲ್ ಮೇಲಿರೋ ಸಂಖ್ಯೆ 11.5%. ಲೆಕ್ಕ ಹಾಕಿದ್ರೆ ಒಳಗೆ ಹೆಚ್ಚುಕಮ್ಮಿ 32 ಎಂಎಲ್ ಆಲ್ಕೋಹಾಲ್. 5% ಇರೋ ಆ ದೊಡ್ಡ ಬಾಟಲಿಯಲ್ಲೂ ಅಷ್ಟೇ ಇರೋದು. ಅದಕ್ಕೇ ಇವತ್ತು ಇದನ್ನ ಮೂರು ಜನ ಹಂಚ್ಕೋತೀವಿ: ನಾನು, ಕ್ಯಾಮೆರಾ ಹಿಂದೆ ನಿಂತಿರೋ ನನ್ನ ತಮ್ಮ, ಇದನ್ನ ಇಂಗ್ಲೆಂಡಿಂದ ಜೋಪಾನವಾಗಿ ತಂದ ಗೆಳೆಯ. ಮೂವರೂ ಇವತ್ತು ಗಾಡಿ ಮುಟ್ಟಲ್ಲ. ವಯಸ್ಸು 21 ತುಂಬದವರು ದಯವಿಟ್ಟು ಈ ವಿಡಿಯೋ ಇಲ್ಲಿಗೇ ಬಿಡಿ.

ಹೆಸರು ಹಾರ್ವೆಸ್ಟ್ ಏಲ್; ಏಲ್ ಅನ್ನೋದು ಬಿಯರಿನ ಒಂದು ಬಗೆ. ಮ್ಯಾಂಚೆಸ್ಟರ್ ಕಡೆಯ ಜೆ. ಡಬ್ಲ್ಯೂ. ಲೀಸ್ ಬ್ರೂವರಿಯದ್ದು. 1828ರಿಂದ ಇರೋ ಬ್ರೂವರಿ ಅದು; ಈ ಬಿಯರ್ ಮಾತ್ರ ಶುರುವಾಗಿದ್ದು 1986ರಲ್ಲಿ. ವರ್ಷಕ್ಕೆ ಒಂದೇ ಸಲ, ಆ ವರ್ಷದ ಸುಗ್ಗಿಯ ಬಾರ್ಲಿ ಮತ್ತು ಬಿಯರಿಗೆ ಕಹಿ ಕೊಡೋ ಹಾಪ್ಸ್ ಹೂವು ಬಳಸಿ ಮಾಡ್ತಾರೆ. ಹಾಗಾಗಿ ಲೇಬಲ್ ಮೇಲೆ ಇಸವಿ ಇರುತ್ತೆ. ನಮ್ಮ ಕೈಲಿರೋದು 2015ರದ್ದು.

ಇಂಥ ಬಿಯರಿಗೆ ಬಾರ್ಲಿ ವೈನ್ ಅಂತಾರೆ. ಇದರಲ್ಲಿ ದ್ರಾಕ್ಷಿ ಒಂದು ಹನಿಯೂ ಇಲ್ಲ. ಬಲ ವೈನಿನಷ್ಟು, ಅಂದ್ರೆ ಸಾಮಾನ್ಯವಾಗಿ 8ರಿಂದ 12% ಇರೋದ್ರಿಂದ ಆ ಹೆಸರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಬರ್ಟನ್ ಊರಿನ ಬಾಸ್ ಕಂಪನಿ ತನ್ನ ನಂಬರ್ 1 ಏಲನ್ನ ಈ ಹೆಸರಲ್ಲಿ ಮಾರಿತು. ಹೆಸರಿನ ಕತೆ ಇಷ್ಟು ಸಾಕು. ನನಗೆ ಹೇಳ್ಬೇಕಿರೋದು ಬೇರೆ.

[ಕ್ಯಾಮೆರಾ ಅಚ್ಚು ಬೆಲ್ಲದ ಮೇಲೆ.]

ಮೊದಲ ಸಲ ಬಾರ್ಲಿ ವೈನ್ ಕುಡಿದಾಗ ನನಗೆ ನೆನಪಾಗಿದ್ದು ಪಾಂಡವಪುರದ ಹತ್ತಿರ ನಮ್ಮ ತಾತ ನಡೆಸ್ತಿದ್ದ ಆಲೆಮನೆ. ಇಂಗ್ಲಿಷಿನವರು ಇದರ ರುಚಿ ಹೇಳೋಕೆ ಟಾಫಿ, ಒಣ ಅಂಜೂರ, ಶೆರಿ ಅಂತೆಲ್ಲ ಅಂತಾರೆ. ಮಂಡ್ಯದ ಕಡೆಯವರಿಗೆ ಅದಕ್ಕಿಂತ ಹತ್ತಿರದ ಮಾತುಗಳಿವೆ. ಕೊಪ್ಪರಿಗೆ ಅಂಚಲ್ಲಿ ಹಿಡಿದ ಪಾಕ. ಜೋನಿ ಬೆಲ್ಲ. ಹಳೇ ಹುಣಸೆಹಣ್ಣು. ಇವು ಬರೀ ಹೋಲಿಕೆ ಅಲ್ಲ. ಒಲೆ ಮೇಲೆ ನಡೆಯೋ ಕೆಲಸ ಎರಡೂ ಕಡೆ ಒಂದೇ ಥರದ್ದು.

ಹೇಗೆ ಅಂತ ನೋಡೋಣ. ಬಾರ್ಲಿಯನ್ನ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸ್ತಾರೆ; ಅದಕ್ಕೆ ಮಾಲ್ಟ್ ಅಂತಾರೆ. ಮಗುವಿಗೆ ರಾಗಿ ಸರಿ ಮಾಡೋಕೆ ನಮ್ಮಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರೀತಿದ್ರಲ್ಲ, ಅದೇ. ಮೊಳಕೆ ಬರುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಒಡೆದ ಮಾಲ್ಟನ್ನ ಬಿಸಿ ನೀರಲ್ಲಿ ನೆನೆಸಿದಾಗ ಆ ಕಿಣ್ವಗಳೇ ಹಿಟ್ಟನ್ನ ಸಕ್ಕರೆಯಾಗಿ ಒಡೆಯೋದು. ಆ ಸಿಹಿ ನೀರಿಗೆ ವರ್ಟ್ ಅಂತಾರೆ.

ತೆಂಗಿನಕಾಯಿ ಹಾಲು ತೆಗೆಯುವಾಗ ಮೊದಲನೇ ಹಾಲು ಗಟ್ಟಿ, ಎರಡನೇದು ತೆಳು ಅಲ್ವಾ? ಇಲ್ಲೂ ಹಾಗೇ. ಹಿಂದಿನ ಇಂಗ್ಲಿಷ್ ಬ್ರೂವರಿಗಳು ಮೊದಲು ಹರಿದ ಗಟ್ಟಿ ವರ್ಟನ್ನ ಬಲವಾದ ಏಲಿಗೆ ಇಟ್ಕೊಂಡು, ಅದೇ ಮಾಲ್ಟಿಗೆ ಮತ್ತೆ ನೀರು ಹಾಕಿ ಬಂದ ತೆಳು ವರ್ಟಿಂದ ದಿನನಿತ್ಯದ ಸಣ್ಣ ಬಿಯರ್ ಮಾಡ್ತಿದ್ರು. ಬಾರ್ಲಿ ವೈನ್ ಅಂದ್ರೆ ಆ ಮೊದಲನೇ ಹಾಲು. ಗಟ್ಟಿ ಅಂದ್ರೆ ಎಷ್ಟು ಗಟ್ಟಿ? ಸಾಮಾನ್ಯ ಬಿಯರಿನ ವರ್ಟಲ್ಲಿ ನೂರು ಗ್ರಾಮಿಗೆ ಸುಮಾರು 12 ಗ್ರಾಂ ಸಕ್ಕರೆಯ ಅಂಶ. ಬಲಿತ ಕಬ್ಬಿನ ಹಾಲಲ್ಲಿ 18ರಿಂದ 20. ಇಷ್ಟು ಬಲದ ಬಾರ್ಲಿ ವೈನಿನ ವರ್ಟಲ್ಲಿ 24 ಅಥವಾ ಇನ್ನೂ ಜಾಸ್ತಿ. ಕಬ್ಬಿನ ಹಾಲಿಗಿಂತ ಗಟ್ಟಿ! ಮಾಲ್ಟಿನ ಸಕ್ಕರೆ ಕಬ್ಬಿನ ಸಕ್ಕರೆಯಷ್ಟು ನಾಲಿಗೆಗೆ ಹೊಡೆಯಲ್ಲ ಅನ್ನೋದು ನಿಜ, ಆದ್ರೂ ಇದು ಸಣ್ಣ ಮಾತಲ್ಲ.

ಆಮೇಲೆ ಕುದಿಸೋದು, ಗಂಟೆಗಟ್ಟಲೆ. ಆಲೆಮನೆಯಲ್ಲಿ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ಗಾಣದಿಂದ ಇಳಿದ ಕಬ್ಬಿನ ಹಾಲು ಮಾಸಲು ಹಸಿರು. ಕೊಪ್ಪರಿಗೆಯಲ್ಲಿ ಕಾಯ್ತಾ ಬಂದಾಗ ಬೆಂಡೆ ಗಿಡದ ಕಾಂಡ ಜಜ್ಜಿ, ಅದರ ಲೋಳೆ ಬಿಟ್ಟ ನೀರು ಹಾಕೋರು. ಲೋಳೆ ಕಸವನ್ನೆಲ್ಲ ಹಿಡ್ಕೊಂಡು ಮೇಲೆ ತೇಲೋದು, ತಾತ ಉದ್ದ ಹಿಡಿಯ ಜಾಲರಿಯಲ್ಲಿ ಆ ಮಡ್ಡಿ ತೆಗೆದು ಹಾಕೋರು. ಬ್ರೂವರಿಯವರು ಇದೇ ಕೆಲಸಕ್ಕೆ ಐರಿಷ್ ಮಾಸ್ ಅನ್ನೋ ಸಮುದ್ರದ ಪಾಚಿ ಹಾಕ್ತಾರೆ. ಅಲ್ಲಿ ಕಸ ಮೇಲೆ ಬರೋ ಬದಲು ತಳಕ್ಕೆ ಕೂರುತ್ತೆ, ಅಷ್ಟೇ ವ್ಯತ್ಯಾಸ. ಕಾದಷ್ಟೂ ನೀರು ಆರುತ್ತೆ, ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಒಂದಕ್ಕೊಂದು ಸೇರಿ ಹೊಸ ಬಣ್ಣ, ಹೊಸ ವಾಸನೆ ಹುಟ್ಟುತ್ತೆ. ಕಬ್ಬಿನ ಹಾಲು ಕೆಂಪು ಬೆಲ್ಲ ಆಗೋದು ಹೀಗೇ. ತಿಳಿ ಬಣ್ಣದ ಮಾಲ್ಟಿಂದ ಮಾಡಿದ ಬಾರ್ಲಿ ವೈನ್ ಕೆಂಪಗೆ ತಿರುಗೋದೂ ಹೀಗೇ.

ಇಷ್ಟಾದ ಮೇಲೆ ಯೀಸ್ಟ್. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಬಿಡುತ್ತೆ, ಕೊನೆಕೊನೆಗೆ ತಾನೇ ಬಿಟ್ಟ ಆಲ್ಕೋಹಾಲಿಗೆ ಸುಸ್ತಾಗುತ್ತೆ. ಕೆಲವು ಸಕ್ಕರೆ ಅದಕ್ಕೆ ತಿನ್ನೋಕೇ ಆಗಲ್ಲ. ಹೀಗೆ ಉಳಿದಿದ್ದೇ ನಮ್ಮ ನಾಲಿಗೆಗೆ ಸಿಗೋ ಸಿಹಿ ಮತ್ತು ಗಟ್ಟಿತನ.

[ಮುಚ್ಚಳ ತೆಗೆಯುವ ಸದ್ದು. ಗ್ಲಾಸಿಗೆ ಸುರಿಯುವುದು, ತೀರಾ ಹತ್ತಿರದಿಂದ.]

ಸದ್ದು ಕೇಳಿದ್ರಾ? ಪುಸ್ ಅಂತ ಜೋರಾಗಿ ಬರಲಿಲ್ಲ. ಗ್ಯಾಸ್ ಕಮ್ಮಿ. ನೊರೆ ತೆಳ್ಳಗೆ ಒಂದು ಉಂಗುರ ಕಟ್ಟಿತು, ಆಗಲೇ ಇಳೀತಿದೆ. ಬಣ್ಣ ಬೆಳಕಿಗೆ ಹಿಡಿದ್ರೆ ಕೆಂಪು ಕಂದು. ಗ್ಲಾಸ್ ಓರೆ ಮಾಡಿದ್ರೆ ಒಳಗೋಡೆಯಲ್ಲಿ ನಿಧಾನಕ್ಕೆ ಇಳಿಯುತ್ತೆ, ಜೋನಿ ಬೆಲ್ಲದಷ್ಟಲ್ಲ, ಆದ್ರೂ ನೀರಿನ ಥರ ಅಲ್ಲ.

ಫ್ರಿಡ್ಜಿಂದ ತೆಗೆದು ಮುಕ್ಕಾಲು ಗಂಟೆ ಆಚೆ ಇಟ್ಟಿದ್ದೆ. ಈಗ ಸುಮಾರು 12 ಡಿಗ್ರಿ. ಐಸ್ ಥರ ತಣ್ಣಗೆ ಕುಡಿದ್ರೆ ಇದರ ವಾಸನೆ ಅರ್ಧ ಮುಚ್ಚಿಹೋಗುತ್ತೆ.

ಮೂಗಿಗೆ ಮೊದಲು ಬರೋದು ಬೆಲ್ಲ, ಹೊಸ ಬೆಲ್ಲ ಅಲ್ಲ, ಡಬ್ಬಿಯಲ್ಲಿ ವರ್ಷ ಇದ್ದು ಕಪ್ಪಾದದ್ದು. ಅದರ ಹಿಂದೆ ಒಣದ್ರಾಕ್ಷಿ, ಖರ್ಜೂರ. ಬಾಯಿಗೆ ಹಾಕಿದಾಗ ಸಿಹಿ ಇಡೀ ನಾಲಿಗೆ ಮೇಲೆ ಹರಡಿತು. ನುಂಗೋ ಹೊತ್ತಿಗೆ ಎದೆಯಲ್ಲಿ ಬೆಚ್ಚಗಾಯ್ತು. ಕಹಿ? ಇದೆ, ತುಂಬ ದೂರದಲ್ಲಿ, ಹುರಿದ ಮೆಂತ್ಯದ ನೆನಪಿನಷ್ಟು.

ಆ ಕಹಿ ದೂರ ಹೋಗಿರೋದಕ್ಕೆ ಕಾರಣ ವಯಸ್ಸು. ಹಾಪ್ಸ್ ಕೊಟ್ಟ ಕಹಿ ವರ್ಷ ಕಳೆದಂತೆ ಒಡೆದು ಕಮ್ಮಿ ಆಗುತ್ತೆ, ಮುಚ್ಚಳದಿಂದ ಒಳನುಸುಳೋ ಚೂರುಪಾರು ಆಮ್ಲಜನಕ ಮಾಲ್ಟಿನ ರುಚಿಯನ್ನ ಒಣಹಣ್ಣಿನ ಕಡೆ ತಿರುಗಿಸುತ್ತೆ. ಮಾಮೂಲಿ ಬಿಯರಿಗೆ ಆಮ್ಲಜನಕ ಶತ್ರು. ಇಷ್ಟು ಸಕ್ಕರೆ, ಇಷ್ಟು ಆಲ್ಕೋಹಾಲ್ ಇರೋ ಬಿಯರ್ ಅದನ್ನ ತಾಳಿಕೊಂಡು ಮಾಗುತ್ತೆ. ಹುಣಸೆಹಣ್ಣು ಭರಣಿಯಲ್ಲಿ ಕಪ್ಪಾದಷ್ಟೂ ಸಾರಿಗೆ ಬೇರೆಯೇ ರುಚಿ ಬರುತ್ತಲ್ಲ, ಹಾಗೆ.

ಆದ್ರೆ ಮಾಗೋದೇ ಬೇರೆ, ಕೆಡೋದೇ ಬೇರೆ. ಇದನ್ನ ನಾನು ಕಷ್ಟಪಟ್ಟು ಕಲಿತೆ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಬಾಟಲಿ ಸಿಕ್ಕಿತ್ತು. ಕತ್ತಲಲ್ಲಿ ಇಟ್ರೆ ಸಾಕು ಅಂದ್ಕೊಂಡು ಮಂಡ್ಯದ ಮನೆಯ ಅಟ್ಟದ ಮೇಲೆ, ಹಳೇ ಪಾತ್ರೆಗಳ ಹಿಂದೆ ಇಟ್ಟೆ. ಎರಡು ಬೇಸಿಗೆ ಹಂಚಿನ ಕೆಳಗೆ ಕಾದಿತ್ತು. ತೆಗೆದಾಗ ಒದ್ದೆ ರಟ್ಟಿನ ವಾಸನೆ, ಕುಡಿದ್ರೆ ಸೋಯಾ ಸಾಸ್ ಥರ ಉಪ್ಪುಪ್ಪು. ಬಚ್ಚಲಿಗೆ ಸುರಿಯುವಾಗ ನಿಜಕ್ಕೂ ಸಂಕಟ ಆಯ್ತು. ಇಂಗ್ಲೆಂಡಿನ ನೆಲಮಾಳಿಗೆಗಳು ಹತ್ತು ಹನ್ನೆರಡು ಡಿಗ್ರಿ ಇರುತ್ತವೆ. ನಮ್ಮಲ್ಲಿ ಅಂಥ ಜಾಗ ಇಲ್ಲ. ಹಾಗಾಗಿ ಫ್ರಿಡ್ಜಿನಲ್ಲಿ ತರಕಾರಿ ಇಡೋ ಕಡೆ, ನೆಟ್ಟಗೆ ನಿಲ್ಲಿಸಿ, ಬೆಳಕು ಬೀಳದ ಹಾಗೆ ಪೇಪರ್ ಸುತ್ತಿ ಇಡಿ. ಮಾಗೋದು ನಿಧಾನ ಆಗುತ್ತೆ. ಆಗ್ಲಿ ಬಿಡಿ.

[ತಟ್ಟೆಯಲ್ಲಿ ಮದ್ದೂರು ವಡೆ.]

ಇಂಗ್ಲೆಂಡಿನಲ್ಲಿ ಇದರ ಜೊತೆ ಸ್ಟಿಲ್ಟನ್ ಅನ್ನೋ ನೀಲಿ ಗೆರೆಯ ಚೀಸ್ ತಿಂತಾರೆ. ಉಪ್ಪು ಆ ಸಿಹಿಯನ್ನ ಹಿಡಿದು ನಿಲ್ಲಿಸುತ್ತೆ. ನಮ್ಮ ಹತ್ರ ಮದ್ದೂರು ವಡೆ ಇದೆ. ಮುರಿದು ತಿಂದು, ಒಂದು ಗುಟುಕು. ಹುರಿದ ಈರುಳ್ಳಿಯ ಸಿಹಿ, ರವೆಯ ಗರಿಗರಿ, ಉಪ್ಪು, ಆಮೇಲೆ ಈ ಬೆಲ್ಲದ ರುಚಿ. ಚೀಸಿಗಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ. ಮೈಸೂರು ಪಾಕ್ ಜೊತೆಯೂ ನೋಡಿದೀವಿ. ಬೇಡ. ತುಪ್ಪ ನಾಲಿಗೆ ಮೇಲೆ ಪದರ ಕಟ್ಟುತ್ತೆ, ಸಿಹಿ ಮೇಲೆ ಸಿಹಿ ಕೂತು ಎರಡೂ ಹಾಳು.

[ಸುಮಾರು ಒಂದು ಗಂಟೆಯ ನಂತರ. ಹೊರಗೆ ಕತ್ತಲು. ಗ್ಲಾಸಿನ ತಳದಲ್ಲಿ ಎರಡು ಗುಟುಕು.]

ತೊಂಬತ್ತು ಎಂಎಲ್ಲಿಗೆ ಒಂದು ಗಂಟೆ. ಗ್ಲಾಸ್ ಈಗ ಕೋಣೆಯಷ್ಟೇ ಬೆಚ್ಚಗಿದೆ, ಆಗ ಇಲ್ಲದ ಒಂದು ವಾಸನೆ ಬಂದಿದೆ. ತಮ್ಮ ಕ್ಯಾಮೆರಾ ಬಿಟ್ಟು ಬಂದು ಮೂಸಿ ನೋಡಿ ಅಂದ: "ಅಣ್ಣ, ಬೆಲ್ಲ ಅಚ್ಚಿಗೆ ಹೊಯ್ದ ಮೇಲೆ ತಾತ ನಮ್ಮ ಕೈಗೆ ಕೊಡ್ತಿದ್ರಲ್ಲ, ಕೊಪ್ಪರಿಗೆ ಕೆರೆದಿದ್ದು."

ಹೌದು. ಅದೇ.