ಮಳೆಗೂ ಕದಲದ ಯುವಜನ

ಕೇಳುಗರೇ, ನಮಸ್ಕಾರ.

‘ಈಗಿನ ಹುಡುಗರಿಗೆ ದೇವರು, ಪೂಜೆ ಎಲ್ಲಾ ಬೇಕಿಲ್ಲ’ ಅನ್ನುವ ಮಾತು ಬಂದಾಗಲೆಲ್ಲ, ಮ್ಯಾಡ್ರಿಡ್‌ನ ಒಂದು ರಾತ್ರಿಯ ಬಗ್ಗೆ ಹೇಳಬೇಕು ಅನ್ನಿಸುತ್ತದೆ ನನಗೆ.

2011ರ ಆಗಸ್ಟ್ 20. ಸ್ಪೇನಿನ ರಾಜಧಾನಿಯ ಕ್ವಾತ್ರೋ ವಿಯೆಂತೋಸ್ ವಿಮಾನ ನಿಲ್ದಾಣದ ಬಯಲಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಕಥೋಲಿಕ ಯುವಜನರು ಸೇರಿದ್ದರು. ಹಗಲೆಲ್ಲ ಸುಡುಬಿಸಿಲು. ರಾತ್ರಿ ಪೋಪ್ 16ನೇ ಬೆನೆಡಿಕ್ಟ್ ಮಾತಾಡುತ್ತಿದ್ದಾಗ ಬಿರುಗಾಳಿ ಎದ್ದಿತು, ಮಳೆ ಸುರಿಯಿತು. ಅವರ ತಲೆಯ ಟೋಪಿ ಹಾರಿಹೋಯಿತು. ಕೆಲವು ಡೇರೆಗಳು ಕುಸಿದವು. 84 ವರ್ಷದ ಹಿರಿಯರು ಕೊಡೆಗಳ ಕೆಳಗೆ ಕೂತರೇ ಹೊರತು ಎದ್ದು ಹೋಗಲಿಲ್ಲ. ಯುವಜನರೂ ಕದಲಲಿಲ್ಲ. ತೊಯ್ದು ತೊಪ್ಪೆಯಾಗಿ ಹಾಡುತ್ತಲೇ ಇದ್ದರು. ಬರೆದು ತಂದಿದ್ದ ಭಾಷಣದ ಹೆಚ್ಚಿನ ಭಾಗವನ್ನು ಪೋಪ್ ಓದಲೇ ಇಲ್ಲ. ಆಮೇಲೆ ಪರಮಪ್ರಸಾದದ, ಅಂದರೆ ಕ್ರಿಸ್ತರೇ ಇದ್ದಾರೆಂದು ಕಥೋಲಿಕರು ನಂಬುವ ಪವಿತ್ರ ರೊಟ್ಟಿಯ, ಆರಾಧನೆ. ಅಲ್ಲಿಯವರೆಗೆ ಕೂಗಿ ಕುಣಿಯುತ್ತಿದ್ದ ಆ ಬಯಲು, ಒದ್ದೆ ನೆಲದಲ್ಲೇ ಮೊಣಕಾಲೂರಿ ಮೌನವಾಯಿತು.

ಆ ಮೌನವನ್ನು ಯಾರೂ ದುಡ್ಡು ಕೊಟ್ಟು ಮಾಡಿಸಲಾಗದು. ಗಲಾಟೆ ಬೇಕಾದರೆ ಧ್ವನಿವರ್ಧಕ ಇಟ್ಟು ಎಬ್ಬಿಸಬಹುದು, ಅಲ್ವಾ?

ಇದು ವಿಶ್ವ ಯುವಜನ ದಿನದ ಸಮಾವೇಶ. ಇದನ್ನು ಶುರು ಮಾಡಿದವರು ಪೋಪ್ 2ನೇ ಜಾನ್ ಪಾಲ್. 1984ರಲ್ಲಿ ಅವರು ರೋಮಿನಲ್ಲಿ ಒಂದು ದೊಡ್ಡ ಮರದ ಶಿಲುಬೆಯನ್ನು ಯುವಜನರ ಕೈಗೆ ಕೊಟ್ಟು, ಜಗತ್ತೆಲ್ಲಾ ಹೊತ್ತು ನಡೆಯಿರಿ ಎಂದರು. ಅದು ಇವತ್ತಿಗೂ ನಡೆದೇ ಇದೆ. 1995ರಲ್ಲಿ ಮನಿಲಾದ ಸಮಾವೇಶದ ಕೊನೆಯ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಎಷ್ಟು ಜನ ಸೇರಿದರೆಂದರೆ, ಪೋಪ್ ಅವರ ವಾಹನ ಸಾಗಲು ದಾರಿಯೇ ಸಿಗದೆ ಅವರು ಹೆಲಿಕಾಪ್ಟರ್‌ನಲ್ಲಿ ಬರಬೇಕಾಯಿತು.

‘ಇದೂ ಒಂದು ಜಾತ್ರೆ, ಎರಡು ದಿನದ ಉತ್ಸಾಹ’ ಅನ್ನುವವರಿದ್ದಾರೆ. ಜಾತ್ರೆಯೇ ಹೌದು. ಬಾವುಟ ಇರುತ್ತದೆ, ಗಿಟಾರ್ ಇರುತ್ತದೆ, ಬೇರೆ ದೇಶದ ಗೆಳೆಯರ ಜೊತೆ ಟೋಪಿ ಬದಲಾಯಿಸಿಕೊಳ್ಳುವುದು ಇರುತ್ತದೆ. ಇರಲಿ ಬಿಡಿ, ಹದಿನೆಂಟು ವರ್ಷದವರು ಭಕ್ತಿಯನ್ನು ಮುಖ ಗಂಟಿಕ್ಕಿಕೊಂಡೇ ತೋರಿಸಬೇಕಾ? ಆದರೆ 2025ರ ಆಗಸ್ಟ್ 1ರಂದು, ಧರ್ಮಸಭೆಯ ಪವಿತ್ರ ವರ್ಷದ ಅಂಗವಾದ ಯುವಜನರ ಜುಬಿಲಿಗೆ ಬಂದವರು ರೋಮಿನ ಸರ್ಕಸ್ ಮ್ಯಾಕ್ಸಿಮಸ್ ಮೈದಾನದಲ್ಲಿ ಪಾಪನಿವೇದನೆಗೆ ಸಾಲು ನಿಂತರು. ಸುಮಾರು ಸಾವಿರ ಗುರುಗಳು ಕೂತು ಕೇಳಿದರು. ಬಿಸಿಲಲ್ಲಿ ಕಾದು, ಗುರುತಿಲ್ಲದವರ ಮುಂದೆ ತನ್ನ ತಪ್ಪು ಹೇಳಿಕೊಳ್ಳುವುದು ಮೋಜಿನ ಕೆಲಸವಲ್ಲ. ಮರುದಿನ ರೋಮಿನ ಹೊರವಲಯದ ತೋರ್ ವೆರ್ಗಾತಾದಲ್ಲಿ ಪೋಪ್ 14ನೇ ಲಿಯೋ ತಾವೇ ಶಿಲುಬೆ ಹಿಡಿದು ವೇದಿಕೆಗೆ ನಡೆದರು. ಯುವಜನರು ಕೇಳಿದ ಪ್ರಶ್ನೆಗಳು ಗೆಳೆತನದ ಬಗ್ಗೆ, ನಿರ್ಧಾರ ತೆಗೆದುಕೊಳ್ಳುವ ಧೈರ್ಯದ ಬಗ್ಗೆ. ನಮ್ಮ ಮನೆಯ ಮಕ್ಕಳೂ ಕೇಳುವ ಪ್ರಶ್ನೆಗಳೇ.

ಇಷ್ಟು ಜನ ಒಟ್ಟಿಗೆ ಸೇರುವುದು ಯಾಕೆ ಬೇಕು? ನನಗೆ ಕಾಣುವ ಕಾರಣ ಒಂದೇ, ಒಂಟಿತನ. ಯುರೋಪಿನ ಎಷ್ಟೋ ಊರುಗಳಲ್ಲಿ ಭಾನುವಾರ ಪೂಜೆಗೆ ಹೋಗುವ ವಿದ್ಯಾರ್ಥಿ ತನ್ನ ತರಗತಿಗೆ ಒಬ್ಬನೇ. ನಮ್ಮಲ್ಲೂ 2011ರ ಜನಗಣತಿಯ ಪ್ರಕಾರ ಕರ್ನಾಟಕದ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಮಂಗಳೂರಿನಲ್ಲಿ ಬೆಳೆದವರಿಗೆ ಇದು ಅಷ್ಟಾಗಿ ತಿಳಿಯದು. ಬಯಲುಸೀಮೆಯ ಚಿಕ್ಕ ಊರಿನ ಹುಡುಗಿಗೆ ಚೆನ್ನಾಗಿ ಗೊತ್ತು. ತನ್ನ ಹಾಗೇ ಜಪಮಾಲೆ ಹಿಡಿದ ಲಕ್ಷಾಂತರ ಜನರನ್ನು ಒಮ್ಮೆ ಕಣ್ಣಾರೆ ನೋಡಿದರೆ, ಊರಿಗೆ ಮರಳಿದ ಮೇಲೂ ಆ ಬಲ ಅವಳ ಜೊತೆ ಇರುತ್ತದೆ.

ಮುಂದಿನ ಸಮಾವೇಶಕ್ಕೆ ಗೊತ್ತಾಗಿರುವುದು 2027ರ ಆಗಸ್ಟ್ 3ರಿಂದ 8, ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ. ಈ ಆಯ್ಕೆ ನನಗೆ ತುಂಬಾ ಇಷ್ಟವಾಯಿತು. ಕೊರಿಯಾದಲ್ಲಿ ಕಥೋಲಿಕ ಧರ್ಮಸಭೆ ಹುಟ್ಟಿದ್ದು ಹೊರಗಿನ ಮಿಷನರಿಗಳಿಂದಲ್ಲ. ಅಲ್ಲಿನ ಓದುಬರಹ ಬಲ್ಲ ಗೃಹಸ್ಥರು ಚೀನಾದಿಂದ ಬಂದ ಪುಸ್ತಕಗಳನ್ನು ಓದಿ ನಂಬಿದರು. ಅವರಲ್ಲೊಬ್ಬ ಯುವಕ ಯಿ ಸುಂಗ್ ಹುನ್, 1784ರಲ್ಲಿ ಬೀಜಿಂಗ್‌ನಲ್ಲಿ ಜ್ಞಾನಸ್ನಾನ, ಅಂದರೆ ಕ್ರೈಸ್ತರಾಗುವ ದೀಕ್ಷೆ, ಪಡೆದು ಬಂದು, ತನ್ನವರಿಗೂ ಕೊಟ್ಟ. ಮುಂದೆ ಸಾವಿರಾರು ಜನ ಈ ನಂಬಿಕೆಗಾಗಿ ಪ್ರಾಣ ಕೊಟ್ಟರು.

ಸಿಯೋಲ್ ತನಕ ಹೋಗುವುದು ಎಲ್ಲರ ಕೈಲಾಗದು, ನಿಜ. ಪ್ರತಿ ವರ್ಷ ನವೆಂಬರ್‌ನಲ್ಲಿ, ಕ್ರಿಸ್ತರಾಜರ ಹಬ್ಬದಂದು, ಬಿಷಪ್ಪರ ಆಡಳಿತಕ್ಕೆ ಸೇರಿದ ಧರ್ಮಕ್ಷೇತ್ರಗಳಲ್ಲೂ ವಿಶ್ವ ಯುವಜನ ದಿನದ ಆಚರಣೆ ಇರುತ್ತದೆ. ಯುವ ಕೇಳುಗರೇ, ಈ ಸಲ ಗೆಳೆಯರನ್ನೂ ಕರೆದುಕೊಂಡು ಹೋಗಿ. ಹಿರಿಯರೇ, ಅವರ ಹಾಡು ಸ್ವಲ್ಪ ಜೋರಾದರೂ ಬೈಯಬೇಡಿ.

ನಮಸ್ಕಾರ.