ಅಪ್ಪನ ಲೋ ಫ್ಯಾಟ್ ಯೋಗರ್ಟ್‌ನಲ್ಲಿ ದಿನಕ್ಕೆ ನಾಲ್ಕು ಚಮಚ ಸಕ್ಕರೆ

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿರುವ ಈ ಕಪ್ ನೋಡಿ. ಸ್ಟ್ರಾಬೆರಿ ಯೋಗರ್ಟ್, 100 ಗ್ರಾಂ. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ‘ಲೋ ಫ್ಯಾಟ್’ ಎಂದು ಬರೆದಿದೆ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಅಂಗಡಿ ಫ್ರಿಜ್‌ನಲ್ಲಿ ಇದರ ಅಕ್ಕಪಕ್ಕ ಇದ್ದ ಕಪ್‌ಗಳದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಕಳೆದ ವರ್ಷ ಅಪ್ಪನ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಶುಗರ್ ಕೂಡ ಗಡಿಯಲ್ಲಿತ್ತು. ತುಪ್ಪ, ಎಣ್ಣೆ, ಸಿಹಿ ಕಡಿಮೆ ಮಾಡಿ ಎಂದರು ಡಾಕ್ಟರು. ಅಪ್ಪ ಹೇಳಿದ ಮಾತು ಕೇಳುವವರು. ಮಾರನೇ ದಿನದಿಂದಲೇ ಕಾಫಿಗೆ ಸಕ್ಕರೆ ಬಿಟ್ಟರು. ಕೆನೆ ಇರುತ್ತದೆ ಎಂದು ಮನೆಯ ಮೊಸರನ್ನೂ ಬಿಟ್ಟರು. ಅದರ ಬದಲು ದಿನಕ್ಕೆ ಎರಡು ಲೋ ಫ್ಯಾಟ್ ಕಪ್. ಬೆಳಿಗ್ಗೆ ಒಂದು, ರಾತ್ರಿ ಊಟದ ಮೇಲೆ ಒಂದು. ವಾರವಾರ ತಂದುಕೊಡುತ್ತಿದ್ದದ್ದು ನಾನೇ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಕಪ್ಪನ್ನು ತಿರುಗಿಸಿ ನೋಡಿದೆ. ಕೊಬ್ಬು 1.5 ಗ್ರಾಂ. ಒಟ್ಟು ಸಕ್ಕರೆ 13.5 ಗ್ರಾಂ. ಅದರಲ್ಲಿ ಸೇರಿಸಿದ ಸಕ್ಕರೆ 9 ಗ್ರಾಂ. ಚಮಚದ ಲೆಕ್ಕದಲ್ಲಿ ಎರಡು ಟೀ ಚಮಚ. ದಿನಕ್ಕೆ ಎರಡು ಕಪ್ ಅಂದರೆ ನಾಲ್ಕು ಚಮಚ. ಕಾಫಿಯಲ್ಲಿ ಅಪ್ಪ ಬಿಟ್ಟಿದ್ದು ಎರಡೇ ಚಮಚ. ಆ ರಾತ್ರಿ ನನಗೆ ನಿಜವಾಗಿಯೂ ಸಂಕಟವಾಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಸುಮಾರು ಜನ ಇಲ್ಲೇ ಎಡವುತ್ತಾರೆ. ಸಪ್ಪೆ ಮೊಸರಿನ ಪ್ಯಾಕೆಟ್ ಮೇಲೂ 100 ಗ್ರಾಂಗೆ 4ರಿಂದ 5 ಗ್ರಾಂ ಸಕ್ಕರೆ ಎಂದು ಬರೆದಿರುತ್ತದೆ. ಅದು ಹಾಲಿನಲ್ಲೇ ಇರುವ ಲ್ಯಾಕ್ಟೋಸ್. ಯಾರೂ ಹಾಕಿದ್ದಲ್ಲ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಇದರಲ್ಲೇ ಒಂದಷ್ಟನ್ನು ತಿಂದು ಹುಳಿ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇಟ್ಟರೆ ಇನ್ನೂ ಒಳ್ಳೆಯದು ಎಂದಾಗ, ಹಾಲಿನ ಈ ಲ್ಯಾಕ್ಟೋಸನ್ನು ಅದರಲ್ಲಿ ಸೇರಿಸಿರಲಿಲ್ಲ. ಹಾಗಾಗಿ ನೀವು ನೋಡಬೇಕಾದದ್ದು ‘ಆಡೆಡ್ ಶುಗರ್’ ಅನ್ನುವ ಸಾಲು. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಅದನ್ನು ಬೇರೆಯಾಗಿ ಬರೆಯಲೇಬೇಕು. ಅಪ್ಪನ ಎರಡು ಕಪ್‌ಗಳಲ್ಲಿ ಅದು 18 ಗ್ರಾಂ. ಆ 25 ಗ್ರಾಂನಲ್ಲಿ ಇಡೀ ದಿನಕ್ಕೆ ಉಳಿದದ್ದು 7.

ಕೊಬ್ಬು ಕಡಿಮೆ ಆಯಿತಲ್ಲ, ಕ್ಯಾಲರಿ ಉಳಿಯಿತಲ್ಲ ಎನ್ನಬಹುದು. ಲೆಕ್ಕ ಹಾಕೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ ಕೆನೆ ತೆಗೆಯದ ಹಾಲಿನ ಸಪ್ಪೆ ಯೋಗರ್ಟ್‌ಗೆ 100 ಗ್ರಾಂಗೆ 61 ಕ್ಯಾಲರಿ. ಹಣ್ಣಿನ ಲೋ ಫ್ಯಾಟ್ ಯೋಗರ್ಟ್‌ಗೆ ಸುಮಾರು 100 ಕ್ಯಾಲರಿ! ಕೊಬ್ಬು 3.25 ಗ್ರಾಂನಿಂದ 1 ಗ್ರಾಂ ಹತ್ತಿರಕ್ಕೆ ಇಳಿದಿದೆ, ಒಪ್ಪೋಣ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಹಾಗಾಗಿ ಉಳಿದದ್ದು ಇಪ್ಪತ್ತು ಕ್ಯಾಲರಿ. ಆದರೆ ಸಕ್ಕರೆಯಿಂದ ಅದರ ಎರಡು ಪಟ್ಟಿಗಿಂತ ಜಾಸ್ತಿ ಒಳಗೆ ಬಂತು.

ಯಾಕೆ ಹೀಗೆ ಮಾಡುತ್ತಾರೆ? ಕೊಬ್ಬು ತೆಗೆದರೆ ಮೊಸರು ತೆಳ್ಳಗಾಗುತ್ತದೆ, ಹುಳಿ ನಾಲಿಗೆಗೆ ಚುರುಕ್ಕೆನ್ನುತ್ತದೆ. ಗಟ್ಟಿ ಬರಲಿ ಎಂದು ಪಿಷ್ಟ, ಪೆಕ್ಟಿನ್ ಹಾಕುತ್ತಾರೆ. ಹುಳಿ ಮುಚ್ಚಲು ಸಕ್ಕರೆ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರಬೇಕು. ಈ ಕಪ್ಪಿನಲ್ಲಿ ಹಾಲು ಮೊದಲು, ಸಕ್ಕರೆ ಎರಡನೆಯದು, ಸ್ಟ್ರಾಬೆರಿ ಆಮೇಲೆ.

ಈ ಕಪ್ ವಿಷ ಅಂತ ನಾನು ಹೇಳುತ್ತಿಲ್ಲ. ಇದರಲ್ಲಿ ಪ್ರೋಟೀನ್ ಇದೆ. ಕ್ಯಾಲ್ಸಿಯಂ ಕೊಬ್ಬಿನಲ್ಲಿ ಇರುವುದಿಲ್ಲ, ಹಾಗಾಗಿ ಕೆನೆ ತೆಗೆದರೂ ಅದು ಹೋಗುವುದಿಲ್ಲ. ಹಬ್ಬದ ದಿನ ಪಾಯಸ ತಿಂದ ಹಾಗೆ ಯಾವಾಗಲೋ ಒಂದು ತಿನ್ನಿ, ಖುಷಿಯಾಗಿ ತಿನ್ನಿ. ನನ್ನ ತಕರಾರು ಮುಚ್ಚಳದ ಮೇಲಿನ ಆ ಎರಡು ಪದಗಳ ಮೇಲೆ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ, ಗಟ್ಟಿ ಪದಾರ್ಥವಾದರೆ 100 ಗ್ರಾಂಗೆ ಕೊಬ್ಬು 3 ಗ್ರಾಂ ಮೀರದಿದ್ದರೆ ‘ಲೋ ಫ್ಯಾಟ್’ ಎಂದು ಬರೆಯಬಹುದು. ಈಗ ನಿಮ್ಮ ಅಡುಗೆಮನೆಗೆ ಬನ್ನಿ. ನಂದಿನಿ ನೀಲಿ ಪ್ಯಾಕೆಟ್, ಅಂದರೆ ಟೋನ್ಡ್ ಹಾಲು. ಅದರಲ್ಲಿ ಕೊಬ್ಬು ಶೇಕಡಾ 3. ಆ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಅಮ್ಮ ಒಂದು ಚಮಚ ಹೆಪ್ಪು ಹಾಕಿ ಮಾಡುವ ಮೊಸರು ಇದೆಯಲ್ಲ, ಅದೂ ಲೋ ಫ್ಯಾಟ್ ಗಡಿಯಲ್ಲೇ ನಿಲ್ಲುತ್ತದೆ. ಮೇಲಿನ ಕೆನೆ ಸರಿಸಿದರೆ ಇನ್ನೂ ಕಡಿಮೆ. ಅಪ್ಪ ಹೆದರಿ ಬಿಟ್ಟದ್ದು ಈ ಮೊಸರನ್ನು! ಇನ್ನು ಕಡೆದು ಬೆಣ್ಣೆ ತೆಗೆದ ಮಜ್ಜಿಗೆ? ಅಜ್ಜಿ ಅದಕ್ಕೆ ಉಪ್ಪು, ಇಂಗು, ಶುಂಠಿ, ಕರಿಬೇವು ಹಾಕುತ್ತಿದ್ದರು. ಹುಳಿಯನ್ನು ಹುಳಿಯಾಗಿಯೇ ಇಟ್ಟುಕೊಂಡು ರುಚಿ ಮಾಡುವುದು ಅವರಿಗೆ ಗೊತ್ತಿತ್ತು.

ಮಕ್ಕಳ ಕಪ್‌ಗಳ ವಿಷಯ ಇನ್ನೂ ಬೇಸರ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಅಲ್ಲಿನ ಸೂಪರ್ ಮಾರ್ಕೆಟ್‌ಗಳ ಸುಮಾರು 900 ಯೋಗರ್ಟ್ ಉತ್ಪನ್ನಗಳನ್ನು ಪರಿಶೀಲಿಸಿದರು. ಮಕ್ಕಳಿಗೆಂದೇ ಮಾರುವ 101 ಉತ್ಪನ್ನಗಳಲ್ಲಿ ಕಡಿಮೆ ಸಕ್ಕರೆ ಅನ್ನಿಸಿಕೊಂಡದ್ದು ಎರಡೇ ಎರಡು. ಕಾರ್ಟೂನ್ ಚಿತ್ರ ನೋಡಿ ಟಿಫನ್ ಬಾಕ್ಸ್ ಜೊತೆ ಇದನ್ನು ಕಳಿಸುವ ತಾಯಂದಿರೇ, ದಯವಿಟ್ಟು ಒಂದು ಸಲ ಹಿಂಬದಿ ಓದಿ.

ಆದರೆ ಎಲ್ಲ ಭಾರವನ್ನೂ ಓದುವವರ ಮೇಲೆ ಹಾಕುವುದು ನ್ಯಾಯವಲ್ಲ. ಅಪ್ಪನಿಗೆ 71 ವರ್ಷ. ಆ ಸಣ್ಣ ಅಕ್ಷರ ಅವರಿಗೆ ಕನ್ನಡಕ ಹಾಕಿದರೂ ಕಾಣುವುದಿಲ್ಲ. 2022ರಲ್ಲಿ ಪ್ರಾಧಿಕಾರ ಆಹಾರ ಎಷ್ಟು ಆರೋಗ್ಯಕರ ಎಂದು ತೋರಿಸಲು ಪ್ಯಾಕೆಟ್ ಮುಂದೆ ನಕ್ಷತ್ರ ಕೊಡುವ ಕರಡು ನಿಯಮ ತಂದಿತು. ಆ ಲೆಕ್ಕದಲ್ಲಿ ಹಣ್ಣಿಗೆ, ಪ್ರೋಟೀನ್‌ಗೆ ಒಳ್ಳೆಯ ಅಂಕ ಇದೆ. ಅಂದರೆ ಹಾಲಿನ ಪ್ರೋಟೀನ್ ಅಂಕ ಸಕ್ಕರೆಯ ತಪ್ಪನ್ನು ಒಂದಷ್ಟು ಅಳಿಸಿಬಿಡುತ್ತದೆ. ನನಗೆ ಚಿಲಿ ದೇಶದ ದಾರಿಯೇ ಸರಿ ಅನ್ನಿಸುತ್ತದೆ. ಅಲ್ಲಿ 2016ರಿಂದ ಪ್ಯಾಕೆಟ್ ಮುಂದೆ ಎಂಟು ಮೂಲೆಯ ಕಪ್ಪು ಗುರುತು ಹಾಕುತ್ತಾರೆ. ಸಕ್ಕರೆ ಜಾಸ್ತಿ ಇದ್ದರೆ ‘ಸಕ್ಕರೆ ಜಾಸ್ತಿ’, ಅಷ್ಟೇ. ಸಕ್ಕರೆ ಸೇರಿಸದ ಮೊಸರಿಗೆ ಆ ಗುರುತು ಇಲ್ಲ. ನಮ್ಮಲ್ಲೂ ‘ಲೋ ಫ್ಯಾಟ್’ ಎಷ್ಟು ದಪ್ಪ ಅಕ್ಷರವೋ, ಸೇರಿಸಿದ ಸಕ್ಕರೆಯ ಗ್ರಾಂ ಅಷ್ಟೇ ದಪ್ಪ ಅಕ್ಷರದಲ್ಲಿ, ಅದರ ಪಕ್ಕದಲ್ಲೇ, ಕನ್ನಡದಲ್ಲೂ ಇರಬೇಕು.

ಅಪ್ಪ ಈಗ ಮತ್ತೆ ಮನೆಯ ಮೊಸರಿಗೆ ಬಂದಿದ್ದಾರೆ. ರಾತ್ರಿ ಸಿಹಿ ಬೇಕೆನಿಸಿದರೆ ಅಮ್ಮ ಒಂದು ಬಟ್ಟಲು ಮೊಸರಿಗೆ ಅರ್ಧ ಏಲಕ್ಕಿ ಬಾಳೆಹಣ್ಣು ಹೆಚ್ಚಿ ಹಾಕುತ್ತಾರೆ. ಉಳಿದ ಅರ್ಧ ಅಮ್ಮನಿಗೆ.